ಮೂರು ಕೋನ, ಒಂದು ತಟ್ಟೆ ಶಿರಾ

ಮನುಷ್ಯನಿಗೆ ಎಷ್ಟೇ ವಯಸ್ಸಾಗಲಿ, ತನ್ನ ಮುಖ ತಾನು ನೋಡಿಕೊಳ್ಳುವ ಆಸೆ ಮಾತ್ರ ಹೋಗುವುದಿಲ್ಲ. ಲಿಫ್ಟಿನ ಕನ್ನಡಿ, ಬಂಗಾರದಂಗಡಿಯ ಗಾಜು, ನಿಂತ ಕಾರಿನ ಕಪ್ಪು ಕಿಟಕಿ, ಕೊನೆಗೆ ಹೋಟೆಲಿನ ಸ್ಟೀಲ್ ಚಮಚದಲ್ಲಿ ತಲೆಕೆಳಗಾಗಿ ಕಂಡರೂ ಸರಿಯೇ, ಒಮ್ಮೆ ಇಣುಕಿ, ಇದ್ದಬದ್ದ ಕೂದಲು ಸವರಿಕೊಂಡು ಮುಂದೆ ಹೋಗುತ್ತೇವೆ. ನಾನಂತೂ ಹೋಗುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಚಿಕೆಯಾಗಬೇಕಾದ ಸಂಗತಿ ಬೇರೆ ಇದೆ. ಮುಖದ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡ ನಾನು ಒಂದು ವರ್ಷ ಪೂರ್ತಿ ಬೈಕ್ ಸವಾರಿಯ ವಿಡಿಯೋಗಳನ್ನು ಮಾಡಿ ಊರಿಗೆಲ್ಲ ಹಂಚಿದೆ, ಅವುಗಳಲ್ಲಿ ಯಾವುದರಲ್ಲಿಯೂ ನಾನೇ ಇರಲಿಲ್ಲ!

ನಾನು ಸನತ್‌ನಗರದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರ ಸ್ಟೋರ್ಸ್ ನೋಡಿಕೊಳ್ಳುವವನು. ಮನೆ ದಿಲ್‌ಸುಖ್‌ನಗರದಲ್ಲಿ, ಊರು ಬಾಗಲಕೋಟೆ. ಊರಿನಿಂದ ನನ್ನ ಜೊತೆ ಹೈದರಾಬಾದಿಗೆ ಬಂದದ್ದು ಹೆಂಡತಿ ಗಿರಿಜಾ ಮತ್ತು ಅವಳ ರೊಟ್ಟಿ ಹಂಚು. ಬೈಕು ಬಂದದ್ದು ಆಮೇಲೆ. ತಮ್ಮ ಕಾರು ಕೊಂಡ ಮೇಲೆ ತನ್ನ ಹಳೇ ಬೈಕನ್ನು ನನಗೆ ದಾಟಿಸಿದ. ಕೆಎ ನಂಬರಿನ ಬೈಕು, ಹಿಂದಿನ ಮಡ್‌ಗಾರ್ಡಿನ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ‘ಬನಶಂಕರಿ ಕೃಪೆ’. ಸವಾರಿ ಶುರುವಾಯಿತು, ಸವಾರಿಯ ಹಿಂದೆಯೇ ಕ್ಯಾಮೆರಾ ಬಂತು. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಹೆಲ್ಮೆಟ್ಟಿನ ನೆತ್ತಿಗೆ ಅಂಟಿಸಿಕೊಳ್ಳುವಂಥದ್ದು. ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ತಲೆಯ ಮೇಲೆ ಹೊತ್ತು ಹೊರಡುತ್ತಿದ್ದೆ. ಸೋಮವಾರ ಬೆಳಿಗ್ಗೆ ವಿಡಿಯೋ ಎಲ್ಲರ ಮೊಬೈಲಿಗೆ.

ಬಾಗಲಕೋಟೆಯಲ್ಲಿ ತಮ್ಮನ ಮನೆಯಲ್ಲಿರುವ ನಮ್ಮವ್ವ ಒಂದೂ ಬಿಡದೆ ನೋಡುತ್ತಿದ್ದಳು. ನೋಡಿ ಫೋನು ಮಾಡುತ್ತಿದ್ದಳು. “ರಸ್ತೆ ಚಲೋ ಐತಪಾ. ಬೈಕಿನ ಹ್ಯಾಂಡಲ್ಲೂ ಚಲೋ ಐತಿ. ಆದ್ರ ನೀ ಎಲ್ಲಿ ಅದಿಯೋ ಇದರಾಗ? ಬರೇ ಬೈಕ್ ಕಾಣತೈತಿ. ಬೈಕ್ ತಾನ ಹೊಂಟೈತೇನು?” ಅದು ಓಡಿಸುವವನ ಕಣ್ಣಿಗೆ ಕಾಣುವ ದೃಶ್ಯ ಎಂದು ನಾನು ತಿಳಿಸಿ ಹೇಳಿದೆ. “ನಿನ್ನ ಕಣ್ಣಿನಿಂದ ರಸ್ತೆ ನೋಡಿ ನಾ ಏನ್ ಮಾಡಲಿ? ನನಗ ನೀ ಕಾಣಬೇಕು. ಸೊರಗೀಯೇನು, ದಪ್ಪ ಆಗೀಯೇನು, ಅದನ್ನ ನೋಡಬೇಕು” ಎಂದಳು. ಕಾರ್ಖಾನೆಯಲ್ಲಿ ನನ್ನ ಪಕ್ಕ ಕೂರುವ ತೆಲುಗು ಗೆಳೆಯ ಇನ್ನೂ ನೇರ ಮನುಷ್ಯ. ನಿನ್ನ ವಿಡಿಯೋಗಿಂತ ನಮ್ಮ ಗೇಟಿನ ಸಿಸಿ ಕ್ಯಾಮೆರಾದಲ್ಲಿ ಕಥೆ ಜಾಸ್ತಿ ಇರುತ್ತದೆ ಎಂದು ಊಟದ ಡಬ್ಬಿ ಬಿಚ್ಚುತ್ತಾ ಹೇಳಿಬಿಟ್ಟ. ಆ ದಿನ ನನಗೆ ಮೊಸರನ್ನ ರುಚಿಸಲಿಲ್ಲ.

ಅಲ್ಲಿಂದ ನನ್ನ ಸಂಶೋಧನೆ ಶುರುವಾಯಿತು. ಮೊಬೈಲಿನಲ್ಲಿ ವಿಡಿಯೋ ಕಲಿಸುವ ಹುಡುಗರಿಗೆ ಲೆಕ್ಕವಿಲ್ಲ. ಅವರೆಲ್ಲ ಹೇಳುವುದು ಒಂದೇ ಮಾತು: ನೋಡುವವರು ಒಂದೇ ಕೋನವನ್ನು ಬಹಳ ಹೊತ್ತು ಸಹಿಸುವುದಿಲ್ಲ, ಬದಲಿಸುತ್ತಿರಬೇಕು. ಒಮ್ಮೆ ರಸ್ತೆ, ಒಮ್ಮೆ ಸವಾರನ ಮುಖ, ಒಮ್ಮೆ ಗಾಲಿ, ಮತ್ತೆ ರಸ್ತೆ. ಇದನ್ನು ಕೇಳಿ ನನಗೆ ಗಿರಿಜಾಳ ಮೇಲೆ ಬಹಳ ಗೌರವ ಬಂತು. ಅವಳು ಮದುವೆಯಾದಾಗಿನಿಂದ ನನ್ನನ್ನು ಒಂದೇ ಕೋನದಲ್ಲಿ ಸಹಿಸಿಕೊಂಡು ಬಂದಿದ್ದಾಳೆ, ಅದೂ ಸೋಫಾದ ಮೇಲೆ ಕಾಲು ಚಾಚಿದ ಕೋನ. ಆದರೆ ಕಲಿಸುವ ಹುಡುಗರ ಹತ್ತಿರ ಮೂರು ಮೂರು ಕ್ಯಾಮೆರಾ ಇರುತ್ತವೆ. ನನ್ನ ಹತ್ತಿರ ಇದ್ದದ್ದು ಒಂದು. ಇನ್ನೆರಡು ಬೇಕು ಎಂದು ಗಿರಿಜಾಳ ಮುಂದೆ ಬಾಯಿ ತೆಗೆಯುವ ಧೈರ್ಯ ನನಗಿಲ್ಲ. ಆಗಲೇ ನನಗೆ ಒಂದು ಅದ್ಭುತ ಉಪಾಯ ಹೊಳೆಯಿತು. ಅದ್ಭುತ ಉಪಾಯ ಹೊಳೆದಾಗಲೆಲ್ಲ ನನಗೆ ಪೆಟ್ಟು ಬಿದ್ದಿದೆ ಎಂಬುದನ್ನು ಆ ಕ್ಷಣದಲ್ಲಿ ಮರೆತಿದ್ದೆ.

ಉಪಾಯ ಇಷ್ಟೇ. ಕ್ಯಾಮೆರಾ ಒಂದೇ ಇದ್ದರೆ ಏನಾಯಿತು, ರಸ್ತೆಯೂ ಒಂದೇ ತಾನೆ? ಅದೇ ರಸ್ತೆಯಲ್ಲಿ ಮೂರು ಸಲ ಹೋದರಾಯಿತು. ಮೊದಲ ಸಲ ಕ್ಯಾಮೆರಾ ಹೆಲ್ಮೆಟ್ಟಿನ ಮೇಲೆ, ಎರಡನೇ ಸಲ ಹ್ಯಾಂಡಲ್ಲಿನ ಮೇಲೆ ನನ್ನ ಮುಖಕ್ಕೆ ತಿರುಗಿಸಿ, ಮೂರನೇ ಸಲ ಕಾಲಿಡುವ ಜಾಗದ ಹತ್ತಿರ ನೆಲಮಟ್ಟಕ್ಕೆ. ಮನೆಗೆ ಬಂದು ಮೂರನ್ನೂ ಕತ್ತರಿಸಿ ಸೇರಿಸಿದರೆ ಒಂದೇ ಸವಾರಿ. ಯಾರಿಗೆ ತಿಳಿಯುತ್ತದೆ? ಮೂರು ತುಣುಕುಗಳನ್ನು ಜೋಡಿಸಲು ಮೂರರಲ್ಲಿಯೂ ಒಂದೇ ಜಾಗದಲ್ಲಿ ಒಂದೇ ಸದ್ದು ಇರಬೇಕು, ಅದಕ್ಕಾಗಿ ಚಪ್ಪಾಳೆ ಹೊಡೆಯಿರಿ ಎಂದು ಆ ಹುಡುಗರು ಹೇಳಿದ್ದರು. ಓಡುವ ಬೈಕಿನ ಮೇಲೆ ಚಪ್ಪಾಳೆ ಹೊಡೆದರೆ ಮುಂದಿನ ವಿಡಿಯೋ ಆಸ್ಪತ್ರೆಯಲ್ಲಿ ತೆಗೆಯಬೇಕಾಗುತ್ತದೆ. ಹಾಗಾಗಿ ನಾನು ಹಾರ್ನ್ ಎಂದು ತೀರ್ಮಾನಿಸಿದೆ. ಒಂದು ಗುರುತಿನ ಜಾಗ ಬಂದ ಕೂಡಲೆ ‘ಪೀಂ ಪೀಂ’, ಎರಡು ಸಲ.

ಜಾಗವನ್ನೂ ಹುಡುಕಿದೆ. ನಮ್ಮ ಮನೆಯಿಂದ ಸ್ವಲ್ಪ ಆಚೆ, ಹೊಸ ಕಾಲೊನಿಯೊಂದರ ಒಳಗೆ ಒಂದು ಚೆಂದದ ತಿರುವು. ತಿರುವಿಗೆ ಸರಿಯಾಗಿ ಒಂದು ಬೇವಿನ ಮರ, ಮರದ ಪಕ್ಕ ಕಾಗದದ ಹೂವಿನ ಬಳ್ಳಿ ಹಬ್ಬಿದ ಗೇಟು, ಗೇಟಿನ ಹಿಂದೆ ಒಂದು ಮನೆ. ಬೆಳಗಿನ ಬಿಸಿಲು ಮರದ ಸಂದಿಯಿಂದ ರಸ್ತೆಗೆ ಬೀಳುವುದನ್ನು ಕಂಡು ನನಗೆ ಸಿನಿಮಾದವನೇ ಆದಷ್ಟು ಖುಷಿಯಾಯಿತು. ಬೇವಿನ ಮರವೇ ಗುರುತು ಎಂದುಕೊಂಡೆ. ಆ ಗೇಟಿನ ಎದುರು ಬಂದು ಮೂರು ಸಲ ಹಾರ್ನ್ ಹೊಡೆದರೆ ಒಳಗಿರುವವರು ಏನೆಂದುಕೊಂಡಾರು ಎಂಬ ಯೋಚನೆ ನನ್ನ ತಲೆಗೆ ಬರಲಿಲ್ಲ. ತಲೆಯ ಮೇಲೆ ಕ್ಯಾಮೆರಾ ಇತ್ತಲ್ಲ, ಯೋಚನೆಗೆ ಜಾಗವಿರಲಿಲ್ಲ.

ಮೊದಲನೇ ಸಲ ಸುಸೂತ್ರವಾಗಿ ಆಯಿತು. ನಿಧಾನವಾಗಿ ಬಂದೆ, ಪೀಂ ಪೀಂ ಎಂದೆ, ತಿರುವು ದಾಟಿದೆ. ರಸ್ತೆಯ ಕೊನೆಯಲ್ಲಿ ಒಂದು ಚಹಾದ ಬಂಡಿ. ಅಲ್ಲಿ ನಿಂತು ಕ್ಯಾಮೆರಾ ಬಿಚ್ಚಿ ಹ್ಯಾಂಡಲ್ಲಿಗೆ ಕಟ್ಟುವುದರಲ್ಲಿ ಒಂದು ಚಹಾ ಮುಗಿಯಿತು. ಸ್ಕ್ರೂ ತಿರುಗದೆ ಇನ್ನೊಂದು ಚಹಾ. ಹಿಂದಿನ ಬೀದಿಯಿಂದ ಸುತ್ತಿ ಬಂದು ಎರಡನೇ ಸಲ ಹೋಗುವಾಗ ನನ್ನ ಪೂರ್ತಿ ಗಮನ ನನ್ನ ಮುಖದ ಮೇಲೆ. ಕಣ್ಣು ಸ್ವಲ್ಪ ಕಿರಿದು ಮಾಡಿ, ದವಡೆ ಬಿಗಿ ಹಿಡಿದು, ದೂರದ ಹಿಮಾಲಯವನ್ನು ನೋಡುವವನಂತೆ ಎದುರಿನ ನೀರಿನ ಟ್ಯಾಂಕರನ್ನು ನೋಡುತ್ತಾ ಹೋದೆ. ಮತ್ತೆ ಪೀಂ ಪೀಂ. ಮತ್ತೆ ಚಹಾದ ಬಂಡಿ. ಬಂಡಿಯವನು ನನ್ನನ್ನೇ ದಿಟ್ಟಿಸುತ್ತಿದ್ದವನು ತಡೆಯಲಾರದೆ, “ಕ್ಯಾ ಭಾಯ್, ಕುಛ್ ಗಿರ್ ಗಯಾ ಕ್ಯಾ?” ಎಂದ. ಏನೂ ಬಿದ್ದಿಲ್ಲ ಎಂದೆ. ನಂಬಲಿಲ್ಲ.

ಮೂರನೇ ಸಲ ಕ್ಯಾಮೆರಾ ನೆಲಮಟ್ಟದಲ್ಲಿ. ಬೇವಿನ ಮರ ಬಂತು, ಪೀಂ ಪೀಂ ಎಂದೆ. ಗೇಟು ತೆರೆಯಿತು! ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹಿರಿಯರೊಬ್ಬರು ಕೈಮುಗಿದು ರಸ್ತೆಗೇ ಬಂದುಬಿಟ್ಟರು. ನಾನು ಬ್ರೇಕ್ ಹಾಕಿದೆ. ಅವರು “ಬೀ...” ಎಂದು ತಡೆದು, “ಬರ್ರಿ, ಬರ್ರಿ ಸಾಹೇಬ್ರ. ಬಿಸಲಾಗ ಎಷ್ಟು ಸಲ ಸುತ್ತತೀರಿ? ಒಳಗ ಬರ್ರಿ” ಎಂದರು. ಅಚ್ಚ ನಮ್ಮ ಕಡೆಯ ಕನ್ನಡ! ಹೈದರಾಬಾದಿನಲ್ಲಿರುವ ನಮ್ಮಂಥವರ ದೌರ್ಬಲ್ಯ ಇದು. ದಿನವಿಡೀ ಗೇಟಿನಲ್ಲಿ ತೆಲುಗು, ಸ್ಟೋರಿನಲ್ಲಿ ಹಿಂದಿ ಆಡಿ ಆಡಿ ನಾಲಿಗೆ ದಣಿದಿರುತ್ತದೆ. ಗುರುತಿಲ್ಲದವರ ಬಾಯಲ್ಲಿ ‘ಬರ್ರಿ’ ಎಂಬ ಒಂದು ಮಾತು ಕೇಳಿದರೆ ಬಾವಿಗೆ ಕರೆದರೂ ಹೋಗುತ್ತೇವೆ. ಕೆಎ ನಂಬರ್ ನೋಡಿ ಕರೆಯುತ್ತಿದ್ದಾರೆ, ಎಂಥ ಅಭಿಮಾನ ಎಂದು ನನ್ನ ಎದೆ ಉಬ್ಬಿತು. ಬೈಕನ್ನು ಗೇಟಿನ ಪಕ್ಕ ನಿಲ್ಲಿಸಿ ಒಳಗೆ ನಡೆದೆ. ಕ್ಯಾಮೆರಾ ಆರಿಸುವುದನ್ನು ಮರೆತೆ.

ಒಳಗೆ ಹೋಗಿ ಕೂತದ್ದೇ ತಡ, ತಟ್ಟೆ ಬಂತು. ತಟ್ಟೆಯಲ್ಲಿ ಒಂದು ಕಡೆ ಉಪ್ಪಿಟ್ಟು, ಒಂದು ಕಡೆ ತುಪ್ಪ ಬಿಟ್ಟುಕೊಂಡ ಕೇಸರಿ ಬಣ್ಣದ ಶಿರಾ, ಮೇಲೆ ಗೋಡಂಬಿ. ಸಕ್ಕರೆ ಕಡಿಮೆ ಮಾಡುತ್ತೇನೆ ಎಂದು ನನ್ನ ಹೆಂಡತಿ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಆಣೆ ದಿಲ್‌ಸುಖ್‌ನಗರದ ಒಳಗೆ ಮಾತ್ರ ಎಂದು ನಾನು ಅರ್ಥ ಮಾಡಿಕೊಂಡೆ. ಹಿರಿಯರ ಹೆಸರು ಮಲ್ಲಣ್ಣ, ವಿಜಯಪುರದವರು, ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ. “ನಿಮ್ಮೂರು?” ಎಂದರು. ಬಾಗಲಕೋಟೆ ಎಂದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿ ತೃಪ್ತಿಯಿಂದ ತಲೆಯಾಡಿಸಿದರು. “ಮೂರ್ ಮೂರ್ ಸಲ ನೋಡಿದ್ರಿ?” ಎಂದು ಮಲ್ಲಣ್ಣನವರು ಅಳುಕುತ್ತಾ ಕೇಳಿದರು. “ಹೌದ್ರಿ, ಒಂದ ಸಲಕ್ಕ ಏನೂ ತಿಳಿಯಂಗಿಲ್ರಿ” ಎಂದೆ. ನಾನು ವಿಡಿಯೋದ ಮಾತು ಹೇಳಿದ್ದೆ, ಅಷ್ಟೇ.

ಆಗ ಅವರ ಮಗಳು ಚಹಾ ತಂದಳು. ಸವಿತಾ ಅಂತ ಹೆಸರು, ಚುರುಕು ಕಣ್ಣಿನ ಹುಡುಗಿ. ಹಿರಿಯ ಎನಿಸಿಕೊಂಡವನು ಎದುರಿಗೆ ಬಂದ ಹುಡುಗಿಯನ್ನು ಏನು ಕೇಳುತ್ತಾನೋ ಅದನ್ನೇ ನಾನೂ ಕೇಳಿದೆ. “ಏನ್ ಓದೀಯವಾ?” ಎಂದೆ. ಎಂಕಾಂ ಮುಗಿಸಿ ಕೆಲಸದಲ್ಲಿದ್ದೇನೆ ಎಂದಳು. “ಶಿರಾ ಯಾರ್ ಮಾಡಿದ್ರು? ಭಾಳ ಚಲೋ ಆಗೇತಿ” ಎಂದೆ. “ಆಕೀನ ಮಾಡ್ಯಾಳ್ರಿ ಅಣ್ಣಾರ” ಎಂದು ತಾಯಿ ಅವಸರದಿಂದ ಹೇಳಿದರು. ಸವಿತಾ ತಾಯಿಯನ್ನು ಆಶ್ಚರ್ಯದಿಂದ ನೋಡಿದ್ದನ್ನು ಕಂಡೆ, ಆದರೆ ಆಗ ನನ್ನ ಬಾಯಿತುಂಬ ಗೋಡಂಬಿ. ಮತ್ತೊಂದು ಸೌಟು ಬಡಿಸಿದರು. ಬೇಡವೆನ್ನಲಿಲ್ಲ. ಏಳುವಾಗ ಮಲ್ಲಣ್ಣನವರು ನನ್ನ ಎರಡೂ ಕೈ ಹಿಡಿದು, “ನಿಮ್ಮ ಮನಸಿಗೆ ಬಂದ್ರ ಸಾಕ್ರಿ” ಎಂದರು. ಶಿರಾದ ವಿಷಯವೆಂದು ತಿಳಿದು “ಭಾಳ ಬಂದೈತ್ರಿ” ಎಂದೆ. ಅವರ ಕಣ್ಣಿನಲ್ಲಿ ನೀರು ಬಂತು. ಎಂಥ ಭಾವುಕ ಜನ ಎಂದುಕೊಳ್ಳುತ್ತಾ, ಹಾಡು ಗುನುಗುತ್ತಾ ಮನೆಗೆ ಬಂದೆ.

ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಕತ್ತರಿಸುವ ಕೆಲಸ ಶುರು ಮಾಡಿದೆ. ಹಾರ್ನಿನ ಸದ್ದು ಹಿಡಿದು ಮೂರನ್ನೂ ಜೋಡಿಸಿದೆ. ರಸ್ತೆ, ಮುಖ, ಗಾಲಿ. ಮುಖ, ರಸ್ತೆ, ಮುಖ. ನಿಜ ಹೇಳಬೇಕೆಂದರೆ ಮುಖ, ಮುಖ, ರಸ್ತೆ, ಮುಖ. ಅವ್ವನಿಗೆ ಖುಷಿಯಾಗಲಿ ಎಂದು. ನನ್ನ ಕಲೆ ತೋರಿಸಲು ಗಿರಿಜಾಳನ್ನು ಕರೆದೆ. ಅವಳು ಹಸಿಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಬಂದು ನಿಂತಳು. ನನ್ನ ಬಿಗಿದ ದವಡೆಯನ್ನು ನೋಡಿ ಏನಾದರೂ ಹೇಳುತ್ತಾಳೆ ಎಂದು ಕಾದೆ. “ಹಲ್ಲು ನೋಯಾಕತ್ತಾವೇನ್ರಿ?” ಎಂದಳು. ಆಮೇಲೆ ಪರದೆಯ ಹತ್ತಿರ ಬಗ್ಗಿ, “ತಡೀರಿ, ಹಿಂದಕ ಹಾಕ್ರಿ. ಈ ಹೆಣಮಗಳು ಮೊದಲು ನೈಟಿ ಮ್ಯಾಲ ಟಾವೆಲ್ ಹಾಕ್ಕೊಂಡು ಕಸಾ ಹೊಡ್ಯಾಕತ್ತಿದ್ಲು. ಹಾರ್ನ್ ಆಗೂದರಾಗ ಇಳಕಲ್ ಸೀರಿ ಹೆಂಗ ಬಂತು?” ಎಂದಳು.

ನಾನೂ ನೋಡಿದೆ. ಗಿರಿಜಾ ಹೇಳಿದ ಮೇಲೆಯೇ ನೋಡಿದೆ ಎನ್ನುವುದು ಸರಿ. ಹೆಲ್ಮೆಟ್ಟಿನ ಕೋನದಲ್ಲಿ ಗೇಟಿನ ಒಳಗೆ ಹಗ್ಗದ ತುಂಬ ಒದ್ದೆ ಬಟ್ಟೆ, ಲುಂಗಿಯುಟ್ಟ ಮಲ್ಲಣ್ಣನವರ ಬಾಯಲ್ಲಿ ಹಲ್ಲುಜ್ಜುವ ಬ್ರಷ್, ಅವರ ಹೆಂಡತಿಯ ಕೈಯಲ್ಲಿ ಪೊರಕೆ. ಮುಖದ ಕೋನದಲ್ಲಿ ನನ್ನ ಕಿವಿಯ ಪಕ್ಕದಿಂದ ಕಾಣುವ ಅದೇ ಅಂಗಳದಲ್ಲಿ ಹಗ್ಗ ಖಾಲಿ, ಮಲ್ಲಣ್ಣನವರಿಗೆ ಮೇಲೆ ಬಿಳಿ ಅಂಗಿ, ಕೆಳಗಿನ್ನೂ ಲುಂಗಿ. ನೆಲಮಟ್ಟದ ಕೋನದಲ್ಲಿ ಗೇಟಿನ ಮುಂದೆ ಒದ್ದೆ ಆರದ ರಂಗೋಲಿ, ಪ್ಯಾಂಟಿನ ಎರಡು ಕಾಲು, ಇಳಕಲ್ ಸೀರೆಯ ಅಂಚು. ಮೂರನ್ನೂ ಬೆರೆಸಿ ಕತ್ತರಿಸಿದ್ದರಿಂದ ಒಂದು ಪೀಂ ಪೀಂ ಒಳಗೆ ಆ ಮನೆಗೆ ದೀಪಾವಳಿ ಬಂದು ಹೋಗುತ್ತಿತ್ತು. ಸಂಭ್ರಮಕ್ಕೆ ಏನು ಕಾರಣವಿರಬಹುದು ಎಂದು ನಾನು ಯೋಚಿಸುತ್ತಿದ್ದೆ.

“ತಿಂದದ್ದೇನು ಅಲ್ಲಿ?” ಎಂದಳು ಗಿರಿಜಾ. ಉಪ್ಪಿಟ್ಟು ಎಂದೆ. “ಮತ್ತ?” ಶಿರಾ ಎಂದು ಮೆಲ್ಲಗೆ ಹೇಳಿದೆ. “ಮನ್ಯಾಗ ಹುಡುಗಿ ಇದ್ಲೇನು? ಏನ್ ಓದೀಯವಾ ಅಂದ್ರೇನು?” ಅಂದೆ ಎಂದೆ. ಗಿರಿಜಾ ಮೆಣಸಿನಕಾಯಿಯ ಬುಟ್ಟಿ ಕೆಳಗಿಟ್ಟು ಹಣೆ ಹಿಡಿದುಕೊಂಡಳು. “ಅಯ್ಯ ನನ್ನ ಕರ್ಮ! ರೀ, ಅವರು ನಿಮ್ಮನ್ನ ಗಂಡಿನ ಕಡೆಯವ್ರು ಅಂತ ತಿಳದಾರ. ಮನಿತನ ನೋಡಾಕ ಬಂದಾರಂತ ತಿಳದಾರ!”

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಗಂಡಿನ ಕಡೆಯವರು ಸದ್ದಿಲ್ಲದೆ ಬಂದು ಹೆಣ್ಣಿನ ಮನೆಯನ್ನು ಒಮ್ಮೆ ನೋಡಿ ಹೋಗುತ್ತಾರೆ. ಅಂಗಳ ಹೇಗಿದೆ, ಜನ ಹೇಗೆ ಮಾತಾಡುತ್ತಾರೆ, ಬಂದವರನ್ನು ಕರೆಯುತ್ತಾರೋ ಇಲ್ಲವೋ, ಇದೇ ಮನೆತನ ನೋಡುವುದು. ಇದರ ದೊಡ್ಡ ನಿಯಮವೆಂದರೆ ಯಾರೂ ವಿಷಯ ಎತ್ತಬಾರದು. ಬಂದವರು ಹೀಗೇ ಹಾದು ಹೋಗುತ್ತಿದ್ದೆವು ಎನ್ನಬೇಕು, ಮನೆಯವರು ಹೀಗೇ ಕರೆದೆವು ಎನ್ನಬೇಕು. ಶಿರಾ ಕೂಡ ಹೀಗೇ ಮಾಡಿದ್ದಿರಬೇಕು. ಕೆಎ ನಂಬರಿನ ಬೈಕಿನಲ್ಲಿ, ಕ್ಯಾಮೆರಾ ಕಟ್ಟಿಕೊಂಡು, ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಾ ಮೂರು ಸಲ ತಿರುಗಿದ ಮೀಸೆಯ ಮನುಷ್ಯನನ್ನು ಅವರು ವರನ ಸೋದರಮಾವ ಎಂದು ತಿಳಿಯದೆ ಇನ್ನೇನು ತಿಳಿದಾರು? ಗೇಟಿನಲ್ಲಿ ಅವರು ‘ಬೀ...’ ಎಂದು ನುಂಗಿಕೊಂಡದ್ದು ‘ಬೀಗರು’ ಎಂಬ ಮಾತನ್ನು. ಯಾವ ಮಾತಿನಲ್ಲಿಯೂ ಗುಟ್ಟು ಬಿಟ್ಟುಕೊಡದ ನನ್ನ ಗಾಂಭೀರ್ಯವನ್ನು ಅವರು ಮೆಚ್ಚಿಕೊಂಡಿರಲೂ ಬಹುದು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಗಿರಿಜಾ ನಗದೆ ಕುರ್ಚಿ ಎಳೆದುಕೊಂಡು ಕೂತಳು. ಎರಡನೇ ಕೋನದಲ್ಲಿ ನನ್ನ ಭುಜದ ಹಿಂದೆ ಬೆರಳಿಟ್ಟು, “ಈ ಬಿಳಿ ಕಾರ್ ಯಾರದು?” ಎಂದಳು. ನಾನು ನನ್ನ ಮೀಸೆಯನ್ನು ಅಷ್ಟು ಸಲ ನೋಡಿದ್ದೆ, ಮೀಸೆಯ ಹಿಂದೆ ಒಂದು ಇಡೀ ಕಾರು ಬರುತ್ತಿದ್ದುದನ್ನು ನೋಡಿರಲಿಲ್ಲ. ಕೆಎ ನಂಬರಿನ ಕಾರು. ನನ್ನಷ್ಟೇ ನಿಧಾನ. ಕಿಟಕಿಯಿಂದ ಒಂದು ತಲೆ ಹೊರಗೆ ಚಾಚಿ ಮನೆ ಮನೆಯನ್ನೂ ನೋಡುತ್ತಿತ್ತು.

ಮೂರನೆಯದನ್ನು ಹಾಕಿದೆವು, ನಾನು ಒಳಗೆ ಶಿರಾ ತಿನ್ನುವಾಗಲೂ ಬಿಡದೆ ಓಡಿದ ನೆಲಮಟ್ಟದ ಕ್ಯಾಮೆರಾವನ್ನು. ರಂಗೋಲಿ, ಒಂದು ಇರುವೆ ಸಾಲು, ಒಳಗಿನಿಂದ ನನ್ನದೇ ನಗು. ಆಮೇಲೆ ಕಾರಿನ ಗಾಲಿ ಬಂದು ನಿಂತಿತು. ಧೋತರದ ಎರಡು ಕಾಲು ಇಳಿದವು. ಅವುಗಳ ಹಿಂದೆ ಕ್ಯಾನ್ವಾಸ್ ಬೂಟಿನ ಎರಡು ಕಾಲು. ಧೋತರದ ಕಡೆಯಿಂದ ಮಾತು ಕೇಳಿತು: “ಯಾರೋ ಆಗಲೇ ಬಂದಾರಲೋ. ಬೈಕ್ ನೋಡು, ನಮ್ಮ ಕಡೇದ. ಶಿರಾದ ವಾಸನಿ ಬಂತಿಲ್ಲೋ? ಬ್ಯಾರೆ ಕಡೆ ಮಾತು ನಡದೈತಿ. ನಡಿ, ನಡಿ.” ಬೂಟಿನ ಕಾಲು ಕದಲಲಿಲ್ಲ. “ಅಪ್ಪಾ, ಒಂದ್ ಸಲ ಕೇಳಿ ನೋಡೂನಲ್ಲ” ಎಂದಿತು ಎಳೆಯ ದನಿ. “ಕೇಳೂದೇನೈತಿ? ಬ್ಯಾರೆಯವ್ರು ಕುಂತಾಗ ನಾವು ಹೋಗೂದು ಚಲೋ ಅಲ್ಲ.” ಧೋತರ ಕಾರು ಹತ್ತಿತು. ಬೂಟು ಸ್ವಲ್ಪ ಹೊತ್ತು ನಿಂತಿತು, ರಂಗೋಲಿ ತುಳಿಯದಂತೆ ಸುತ್ತು ಹಾಕಿ, ಗೇಟಿನ ತನಕ ಬಂದು, ಮತ್ತೆ ಹಿಂದಕ್ಕೆ ಹೋಯಿತು.

ಗಿರಿಜಾ ಎದ್ದು ನಿಂತಳು. “ಒಂದು ಹುಡುಗಿ ಸಂಬಂಧ ಮುರದು ಬಂದೀರಿ, ಮ್ಯಾಲ ಎರಡು ಸಲ ಶಿರಾ ಹಾಕಿಸ್ಕೊಂಡೀರಿ. ಏಳ್ರಿ, ಬೂಟ್ ಹಾಕ್ಕೊಳ್ರಿ” ಎಂದಳು. ಎರಡು ಸಲ ಹಾಕಿಸಿಕೊಂಡದ್ದು ಅವಳಿಗೆ ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ. ವಿಡಿಯೋ ತುಂಬಿದ ಮೊಬೈಲು ಹಿಡಿದು ಹೊರಟೆವು. ದಾರಿಯುದ್ದಕ್ಕೂ ನಾನು ಏನು ಹೇಳಬೇಕು ಎಂದು ಕಲಿತುಕೊಳ್ಳುತ್ತಿದ್ದೆ.

ಆ ಮನೆಯ ಗೇಟಿನಲ್ಲಿ ಬೈಕು ನಿಲ್ಲಿಸಿದ್ದೇ ಒಳಗೆ ಸಡಗರ ಎದ್ದಿತು. ಬೆಳಿಗ್ಗೆ ಮಾವ ಬಂದಿದ್ದ, ಈಗ ಅತ್ತೆಯನ್ನೂ ಕರೆತಂದಿದ್ದಾನೆ! ಗಿರಿಜಾಳ ಕೈಗೆ ಅರಿಷಿಣ ಕುಂಕುಮದ ತಟ್ಟೆ ಬಂತು, ಒಲೆಯ ಮೇಲೆ ರವೆ ಹುರಿಯುವ ವಾಸನೆ ಬಂತು. ನಾನು ದಾರಿಯಲ್ಲಿ ಕಲಿತದ್ದನ್ನು ಶುರು ಮಾಡುವುದರೊಳಗೆ ಗಿರಿಜಾ ಕುಂಕುಮ ಹಚ್ಚಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟಳು: “ಅಕ್ಕಾರ, ನಾವು ಗಂಡಿನ ಕಡೆಯವ್ರಲ್ರಿ. ಇವರು ಬೈಕಿನ ವಿಡಿಯೋ ಮಾಡ್ತಾರ. ಕ್ಯಾಮೆರಾ ಒಂದ ಐತಿ, ಅದಕ್ಕ ಮೂರು ಸಲ ಬಂದಾರ. ಖರೇ ಗಂಡಿನ ಕಡೆಯವ್ರು ಬಂದು, ಇವರು ತಿನ್ನೂದು ಕೇಳಿ, ಹೊರಗಿಂದ ಹೊರಗ ಹೋಗ್ಯಾರ.”

ಒಳಗೆ ರವೆ ಸೀಯತೊಡಗಿತು. ಮಲ್ಲಣ್ಣನವರು ನನ್ನನ್ನು ನೋಡಿದ ನೋಟವನ್ನು ನಾನು ಯಾವ ಕೋನದಿಂದಲೂ ಮತ್ತೆ ನೋಡಲು ಬಯಸುವುದಿಲ್ಲ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುಂದೆ ಬಂದವಳು ಸವಿತಾ. “ಎಲ್ಲಿ ಕಾಕಾ, ತೋರಸ್ರಿ” ಎಂದು ಮೊಬೈಲು ತೆಗೆದುಕೊಂಡಳು. ಇರುವೆ, ಗಾಲಿ, ಧೋತರ, ಬೂಟು. ‘ಅಪ್ಪಾ, ಒಂದ್ ಸಲ ಕೇಳಿ ನೋಡೂನಲ್ಲ.’ ಅವಳ ಮುಖ ಕೆಂಪಾಯಿತು. “ಮತ್ತೊಮ್ಮೆ ಹಾಕ್ರಿ” ಎಂದಳು. ಹಾಕಿದೆ. ಇನ್ನೂ ಒಮ್ಮೆ ತಾನೇ ಹಾಕಿಕೊಂಡಳು. ಆ ಹುಡುಗನ ಜೊತೆ ಫೋನಿನಲ್ಲಿ ಮಾತಾಡಿದ್ದಳಂತೆ, ಇವತ್ತು ಬರುತ್ತೇನೆ ಎಂದಿದ್ದನಂತೆ. ಬಂದವನು ಮೀಸೆಯ ಮಾವ ಮಾತ್ರ ಎಂದು ಬೆಳಗಿನಿಂದ ಅವಳಿಗೆ ಬೇಸರ. “ಅಪ್ಪಾ, ಫೋನ್ ಹಚ್ಚು. ನನಗ ಈ ಹುಡುಗ ಮನಸಿಗೆ ಬಂದಾನ” ಎಂದಳು. ಅಷ್ಟು ನೇರವಾಗಿ ಒಂದು ಮಾತು ಆ ಮನೆಯಲ್ಲಿ ಆ ದಿನ ಯಾರೂ ಆಡಿರಲಿಲ್ಲ. ನನಗೆ ಕೈ ತಟ್ಟಬೇಕು ಅನ್ನಿಸಿತು, ಗಿರಿಜಾ ನೋಡಿದ್ದರಿಂದ ತಡೆದುಕೊಂಡೆ.

ಗಂಡಿನ ಕಡೆಯವರು ಊರಿಗೆ ಹೊರಡುವ ಮುಂಚೆ ಬಂದದ್ದಕ್ಕೆ ನಾಲ್ಕು ಸೀರೆಯಾದರೂ ನೋಡೋಣವೆಂದು ಸುಲ್ತಾನ್ ಬಜಾರಿಗೆ ಹೋಗಿದ್ದರು. ಅಲ್ಲಿನ ಗದ್ದಲದಲ್ಲಿ ಮಲ್ಲಣ್ಣನವರು ಫೋನಿನಲ್ಲಿ ಹೇಳಿದ್ದು ಎಷ್ಟು ಕೇಳಿತೋ, ಅಂತೂ ಬಂದರು. ಧೋತರವನ್ನು ನಾನು ಕೂಡಲೆ ಗುರುತು ಹಿಡಿದೆ. ಬೂಟನ್ನು ಸವಿತಾ ಗುರುತು ಹಿಡಿದಳು. ಧೋತರದ ಹಿರಿಯರು ನನ್ನನ್ನು ಅನುಮಾನದಿಂದ ನೋಡಿ, ಬೆಳಿಗ್ಗೆ ಶಿರಾ ತಿಂದದ್ದು ಯಾರ ಕಡೆಯಿಂದ ಎಂದು ಕೇಳಿದರು. ನನ್ನ ಕಡೆಯಿಂದಲೇ ಎಂದೆ. ಸಾಕ್ಷಿಗೆ ವಿಡಿಯೋ ಕೇಳಿದರು. ಅವಸರದಲ್ಲಿ ನಾನು ಜೋಡಿಸಿದ ವಿಡಿಯೋವನ್ನೇ ಹಚ್ಚಿಬಿಟ್ಟೆ. ನೈಟಿ, ಇಳಕಲ್ ಸೀರೆ, ಹಲ್ಲುಜ್ಜುವ ಬ್ರಷ್, ಬಿಳಿ ಅಂಗಿ, ಲುಂಗಿ, ಪ್ಯಾಂಟು! “ಅಯ್ಯಯ್ಯ, ಅದನ್ನ ತೋರಸಬ್ಯಾಡ್ರಿ ಅಣ್ಣಾರ!” ಎಂದು ಸವಿತಾಳ ತಾಯಿ ಪರದೆಗೆ ಕೈ ಅಡ್ಡ ಹಿಡಿದರು. ಹಿರಿಯರು ಆ ಕೈಯ ಸಂದಿಯಿಂದಲೇ ಪೂರ್ತಿ ನೋಡಿದರು. ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ನಾವು ಎಷ್ಟೋ ಮನಿ ನೋಡೇವಿ. ಹೋದಲ್ಲೆಲ್ಲಾ ಬರೇ ರೇಷ್ಮಿ ಸೀರಿ ನೋಡಿ ಬರ್ತೇವಿ. ಕಸಾ ಹೊಡಿಯೂದರಿಂದ ಹಿಡದು ರಂಗೋಲಿ ತನಕಾ ಪೂರಾ ಮನಿತನ ತೋರಿಸಿದವ್ರು ನೀವ ಮೊದಲು! ಗುರ್ತಿಲ್ಲದವನ್ನ ಕರದು ಎರಡು ಸಲ ಶಿರಾ ನೀಡೂ ಮನಿ, ಇನ್ನೇನ್ ನೋಡೂದೈತಿ?” ಎಂದರು. ಆ ಎರಡು ಸಲದ ಸಂಗತಿ ಅಷ್ಟು ಹೊತ್ತಿಗೆ ಹೈದರಾಬಾದಿಗೆಲ್ಲ ಗೊತ್ತಾದಂತಿತ್ತು.

ಮಾತು ಗಟ್ಟಿಯಾಯಿತು. ಮದುವೆಯ ವಿಡಿಯೋ ನಾನೇ ತೆಗೆಯುತ್ತೇನೆ, ಬೇರೆ ಬೇರೆ ಕೋನದಿಂದ ತೆಗೆದುಕೊಡುತ್ತೇನೆ ಎಂದು ಉತ್ಸಾಹದಿಂದ ಹೇಳಿದೆ. ಸವಿತಾ ನಯವಾಗಿ, “ಬ್ಯಾಡ ಕಾಕಾ, ನಿಮ್ಮದು ಒಂದ ಕ್ಯಾಮೆರಾ. ಮೂರು ಸಲ ತಾಳಿ ಕಟ್ಟಸ್ತೀರಿ. ನೀವು ಆರಾಮ ಕುಂತು ಊಟಾ ಮಾಡ್ರಿ” ಎಂದಳು. ಹಿರಿಯರ ಮಾತನ್ನು ನಾನು ತೆಗೆದುಹಾಕಬಹುದು, ಮದುಮಗಳ ಮಾತನ್ನು ತೆಗೆದುಹಾಕಲಾದೀತೇ? ಮದುವೆಯಲ್ಲಿ ಅವಳು ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆ. ನನಗೆ ಎರಡೂ ಕಡೆಯವರ ಉಪಚಾರ. ಧೋತರದ ಹಿರಿಯರು ಸ್ವತಃ ನಿಂತು ಶಿರಾ ಹಾಕಿಸಿದರು, ಮಲ್ಲಣ್ಣನವರು ಅದರ ಮೇಲೆ ಮತ್ತೊಂದು ಸೌಟು ಹಾಕಿಸಿದರು. ಗಿರಿಜಾ ಹೆಂಗಸರ ಕಡೆ ಕೂತಿದ್ದಳು, ದೇವರು ದೊಡ್ಡವನು.

ಕೆಲವು ದಿನದ ಮೇಲೆ ಸವಿತಾ ಮದುವೆಯ ವಿಡಿಯೋ ಕಳಿಸಿದಳು. ಅದನ್ನು ಮಾಡಿದವರಿಗೆ ನಾನು ತಲೆಬಾಗಬೇಕು. ಎಷ್ಟು ಕ್ಯಾಮೆರಾ ಇಟ್ಟಿದ್ದರೋ! ಎದುರಿನಿಂದ ಅಕ್ಷತೆ, ಪಕ್ಕದಿಂದ ಅಕ್ಷತೆ, ಮೇಲಿನಿಂದ ಅಕ್ಷತೆ, ಎಲ್ಲವೂ ಬೆಣ್ಣೆಯಂತೆ ಕೂಡಿಕೊಂಡಿದ್ದವು. ಬಹಳ ಹೆಮ್ಮೆಯಿಂದ ಅದನ್ನು ನಮ್ಮವ್ವನಿಗೂ ಕಳಿಸಿದೆ, ನಾನು ಕೂಡಿಸಿದ ಜೋಡಿ ನೋಡು ಎಂದು. ಅವಳು ನೋಡಿ ಮುಗಿಸುವಷ್ಟು ಹೊತ್ತು ಕಾದು ನಾನೇ ಫೋನು ಮಾಡಿದೆ. ಹೇಗಿದ್ದಾರೆ ಹುಡುಗ ಹುಡುಗಿ ಎಂದು ಕೇಳಿದೆ.

“ಅವರೂ ಚಲೋ ಅದಾರ” ಎಂದಳು ಅವ್ವ. “ಆದ್ರ ಇವತ್ತ ನನ್ನ ಜೀವಕ್ಕ ಸಮಾಧಾನ ಆತು ನೋಡಪಾ, ನೀ ಕಂಡಿ. ಅಕ್ಕಿಕಾಳು ಬೀಳೂಮುಂದ ಹಿಂದ ಊಟದ ಪಂಕ್ತ್ಯಾಗ ಎದುರಿಂದ ಕಂಡಿ, ಮಗ್ಗಲದಿಂದ ಕಂಡಿ, ಮ್ಯಾಲಿಂದ ಬೋಳು ನೆತ್ತಿನೂ ಕಂಡಿ. ಎಲ್ಲಾದರಾಗೂ ಬಾಯಾಗ ತುತ್ತು ಐತಿ. ಏನೂ ಸೊರಗಿಲ್ಲ ಬಿಡು.” ಆಮೇಲೆ ಏನೋ ನೆನಪಾದವಳಂತೆ ಕೇಳಿದಳು: “ಅಲ್ಲೋ, ಬೈಕ್ ಎಲ್ಲೂ ಕಾಣವಲ್ದಲ್ಲೋ?”